ಉರಿ ಹಚ್ಚೋಕೆ ಮುಂಚೇನೇ ಮುಗಿಯೋ ಅಡುಗೆ

"ಮೂವತ್ತು ನಿಮಿಷದಲ್ಲಿ ಊಟ ರೆಡಿ" ಅಂತ ಹಾಕಿರೋ ರೆಸಿಪಿಗಳಲ್ಲಿ ಸಾಮಾನಿನ ಪಟ್ಟಿಯನ್ನ ಒಂದ್ಸಲ ನಿಧಾನಕ್ಕೆ ಓದಿ ನೋಡಿ. ತೆಳ್ಳಗೆ ಸೀಳಿದ ಬೀಫ್ 400 ಗ್ರಾಂ, ಉದ್ದಕ್ಕೆ ಹೆಚ್ಚಿದ ಕ್ಯಾಪ್ಸಿಕಂ ಎರಡು, ಬಿಡಿಸಿಟ್ಟ ಬ್ರೊಕೊಲಿ ಒಂದು, ಸಣ್ಣಗೆ ಕೊಚ್ಚಿದ ಬೆಳ್ಳುಳ್ಳಿ ನಾಲ್ಕೆಸಳು. ಯಾರು ಸೀಳಿದ್ರು, ಯಾವಾಗ ಹೆಚ್ಚಿದ್ರು, ಬೆಳ್ಳುಳ್ಳಿ ಸಿಪ್ಪೆ ಸುಲಿದಿದ್ದು ಯಾರು? ಆ ಕೆಲಸದ ಟೈಮು ಎಲ್ಲೂ ಲೆಕ್ಕಕ್ಕೇ ಬಂದಿಲ್ಲ. ಅವರ ಗಡಿಯಾರ ಶುರುವಾಗೋದೇ ಎಣ್ಣೆ ಕಾದಮೇಲೆ. ಬೀಫ್ ಮತ್ತು ತರಕಾರಿ ಸ್ಟರ್ ಫ್ರೈ (ಜೋರು ಉರೀಲಿ, ಸೌಟು ಆಡಿಸ್ತಾ ಬೇಗ ಹುರಿದು ಮುಗಿಸೋ ಅಡುಗೆ) ಈ ಲೆಕ್ಕದ ಚಮತ್ಕಾರಕ್ಕೆ ಒಳ್ಳೇ ಉದಾಹರಣೆ, ಯಾಕಂದ್ರೆ ಒಲೆ ಮೇಲೆ ಅದು ನಿಜವಾಗ್ಲೂ ಹತ್ತು ನಿಮಿಷದೊಳಗಿನ ಅಡುಗೆ, ಅದರಲ್ಲಿ ಸುಳ್ಳಿಲ್ಲ, ಆದ್ರೆ ಆ ಹತ್ತು ನಿಮಿಷ ಸರಿಯಾಗಿ ನಡೀಬೇಕಂದ್ರೆ ಅದಕ್ಕೆ ಮುಂಚೆ ಇಪ್ಪತ್ತು ಇಪ್ಪತ್ತೈದು ನಿಮಿಷ ಚಾಕು ಹಿಡ್ಕೊಂಡು ನಿಂತಿರಬೇಕು.

ಇದನ್ನ ದೂರು ಅಂತ ಹೇಳ್ತಿಲ್ಲ. ನಂಗೆ ಕೆಲಸದ ದಿನದ ರಾತ್ರಿ ಊಟಕ್ಕೆ ಈ ಅಡುಗೆ ಇಷ್ಟ ಆಗೋದೇ ಈ ಕಾರಣಕ್ಕೆ. ಸಂಜೆ ಮನೆಗೆ ಬರೋ ಹೊತ್ತಿಗೆ ಸುಸ್ತಾಗಿರೋದು ಹೆಚ್ಚಿನ ಸಲ ಕೈಯಲ್ಲ, ತಲೆ. ಇಡೀ ದಿನ ಅದು ಮಾಡ್ಲಾ ಇದು ಮಾಡ್ಲಾ ಅಂತ ತೀರ್ಮಾನ ಮಾಡಿ ಮಾಡಿ ಸಾಕಾಗಿರೋ ತಲೆಗೆ ಒಲೆ ಮುಂದೆ ನಿಂತು "ಈಗ ಉಪ್ಪು ಸಾಕಾ, ಇನ್ನೊಂಚೂರು ಬೇಯಲಾ, ನೀರು ಹಾಕ್ಲಾ" ಅಂತ ಮತ್ತೆ ಯೋಚನೆ ಮಾಡೋ ತ್ರಾಣ ಇರಲ್ಲ. ಆದ್ರೆ ಕ್ಯಾರೆಟ್ ಹೆಚ್ಚೋಕೆ ತಲೆ ಬೇಕಾಗಿಲ್ಲ. ಯಾರ ಜೊತೆಗೋ ಮಾತಾಡ್ತಾ, ಏನೋ ಕೇಳಿಸ್ಕೊಳ್ತಾ, ಸುಮ್ನೆ ಕಿಟಕಿ ಕಡೆ ನೋಡ್ತಾ ಹೆಚ್ಚಬಹುದು (ಬೆರಳು ಮಾತ್ರ ಜೋಪಾನ). ಸ್ಟರ್ ಫ್ರೈಯಲ್ಲಿ ಎಲ್ಲಾ ತೀರ್ಮಾನಗಳೂ ಉರಿ ಹಚ್ಚೋಕೆ ಮುಂಚೇನೇ ಮುಗಿದುಹೋಗಿರುತ್ತೆ. ಯಾವ ತರಕಾರಿ, ಎಷ್ಟು ದಪ್ಪ, ಯಾವುದು ಮೊದಲು, ಸಾಸ್ ಎಷ್ಟು, ಎಲ್ಲಾ ಬಟ್ಟಲುಗಳಲ್ಲಿ ಸಾಲಾಗಿ ಕೂತಿರುತ್ತೆ. ಆಮೇಲೆ ಒಲೆ ಮುಂದೆ ಯೋಚನೆ ಮಾಡೋಕೆ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ.

ತಮಾಷೆ ಏನಂದ್ರೆ ಅವಸರದಲ್ಲಿರೋರು ಮೊದಲು ಬಿಟ್ಟುಬಿಡೋದು ಈ ತಯಾರಿಯನ್ನೇ. ಬಾಣಲೆ ಇಟ್ಟು, ಅದು ಕಾಯೋ ಅಷ್ಟೊತ್ತಿಗೆ ಈರುಳ್ಳಿ ಹೆಚ್ಕೊಂಡ್ರಾಯ್ತು, ಈರುಳ್ಳಿ ಬಾಡೋ ಅಷ್ಟೊತ್ತಿಗೆ ಕ್ಯಾಪ್ಸಿಕಂ ಹೆಚ್ಕೊಂಡ್ರಾಯ್ತು ಅನ್ನೋ ಲೆಕ್ಕ. ಸಣ್ಣ ಉರೀಲಿ ಕುದಿಯೋ ಅಡುಗೆಗಳಲ್ಲಿ ಇದು ನಡೆಯುತ್ತೆ, ಅವು ಕಾಯ್ತವೆ. ಇದು ಕಾಯಲ್ಲ. ಜೋರು ಉರೀಲಿ ಬೆಳ್ಳುಳ್ಳಿ ಹೊಂಬಣ್ಣದಿಂದ ಕಪ್ಪಾಗೋಕೆ ಅರ್ಧ ನಿಮಿಷ ಸಾಕು, ಅಷ್ಟರಲ್ಲಿ ಕ್ಯಾಪ್ಸಿಕಂ ಬೀಜ ತೆಗೆದು ಮುಗಿಯಲ್ಲ. ಆಗ ಉರಿ ತಗ್ಗಿಸ್ತೀವಿ. ಉರಿ ತಗ್ಗಿಸಿದ ತಕ್ಷಣ ಅದು ಸ್ಟರ್ ಫ್ರೈ ಆಗಿ ಉಳಿಯಲ್ಲ, ಬೇಯಿಸಿದ ಪಲ್ಯ ಆಗುತ್ತೆ, ಅದೂ ರುಚಿಯಾಗೇ ಇರಬಹುದು, ಆದ್ರೆ ನಾವು ಹೊರಟಿದ್ದು ಅಲ್ಲಿಗಲ್ಲ.

ಮಾಂಸದಿಂದ ಶುರು ಮಾಡೋಣ, ಹೇಳೋಕೆ ಹೆಚ್ಚು ಇರೋದು ಅಲ್ಲೇ. ಈ ಅಡುಗೆಗೆ ಬೀಫ್‌ನ ಎಲ್ಲಾ ಭಾಗಗಳೂ ಆಗಲ್ಲ. ಕಾಲಿನ ಮೀನಖಂಡ, ಕುತ್ತಿಗೆ, ಇವು ದಿನವಿಡೀ ದುಡಿಯೋ ಸ್ನಾಯುಗಳು, ಇವುಗಳ ಎಳೆಗಳ ನಡುವೆ ಕೊಲಾಜೆನ್ ಅನ್ನೋ ಗಟ್ಟಿ ಪ್ರೋಟೀನು ಜಾಸ್ತಿ. ಕೊಲಾಜೆನ್ ಕರಗಿ ಮೆತ್ತಗಾಗಬೇಕಂದ್ರೆ ಗಂಟೆಗಟ್ಟಲೆ ಬೇಯಬೇಕು, ಬಾಣಲೆಯ ಮೂರು ನಿಮಿಷದಲ್ಲಿ ಅದು ಕರಗೋ ಮಾತೇ ಇಲ್ಲ, ಬದಲಿಗೆ ಇನ್ನೂ ಬಿಗಿದುಕೊಳ್ಳುತ್ತೆ. ಸ್ಟರ್ ಫ್ರೈಗೆ ಹೊಂದೋದು ಸೊಂಟದ ಕಡೆಯ ಸರ್ಲಾಯ್ನ್, ಹೊಟ್ಟೆ ಕಡೆಯ ಫ್ಲ್ಯಾಂಕ್, ಸ್ಕರ್ಟ್ ಇಂಥವು. ಟೆಂಡರ್‌ಲಾಯ್ನ್ ಹಾಕಿದ್ರೆ ಮೆತ್ತಗೇನೋ ಇರುತ್ತೆ, ಆದ್ರೆ ನನ್ನ ಅಭಿಪ್ರಾಯದಲ್ಲಿ ಅದು ದುಡ್ಡು ದಂಡ, ಇಷ್ಟು ಸಾಸ್, ಬೆಳ್ಳುಳ್ಳಿ, ಶುಂಠಿ ಮಧ್ಯೆ ಆ ನಾಜೂಕಿನ ಮಾಂಸ ಕಳೆದುಹೋಗುತ್ತೆ. ಫ್ಲ್ಯಾಂಕ್‌ಗೆ ರುಚಿ ಜಾಸ್ತಿ, ಒಂದೇ ತಕರಾರು ಅಂದ್ರೆ ಅದರ ಎಳೆಗಳು ಉದ್ದ, ಒರಟು. ಅದಕ್ಕೆ ಮದ್ದು ಚಾಕುವಿನಲ್ಲಿದೆ.

ಮಾಂಸದ ತುಂಡನ್ನ ಹಲಗೆ ಮೇಲಿಟ್ಟು ನೋಡಿದ್ರೆ ಎಳೆಗಳು ಯಾವ ದಿಕ್ಕಿಗೆ ಓಡ್ತಿವೆ ಅಂತ ಕಾಣುತ್ತೆ. ಆ ಎಳೆಗಳಿಗೆ ಅಡ್ಡಲಾಗಿ ಕೊಯ್ಯಬೇಕು, ಅವುಗಳ ಜೊತೆಗೇ ಉದ್ದಕ್ಕೆ ಅಲ್ಲ. ಉದ್ದಕ್ಕೆ ಕೊಯ್ದ್ರೆ ಪ್ರತಿ ತುಂಡಿನಲ್ಲೂ ತುದಿಯಿಂದ ತುದಿಗೆ ಹೋಗೋ ಎಳೆ ಇರುತ್ತೆ, ಅದನ್ನ ಕತ್ತರಿಸೋ ಕೆಲಸ ನಮ್ಮ ಹಲ್ಲಿಗೆ ಬೀಳುತ್ತೆ. ಅಡ್ಡಕ್ಕೆ ಕೊಯ್ದ್ರೆ ಎಳೆ ಮೂರು ನಾಲ್ಕು ಮಿಲಿಮೀಟರ್‌ಗೆ ಮೊಟಕಾಗುತ್ತೆ, ಬಾಯಲ್ಲಿ ಸುಲಭಕ್ಕೆ ಬಿಡಿಬಿಡಿಯಾಗುತ್ತೆ. ಒಂದೇ ಮಾಂಸ, ಒಂದೇ ಉರಿ, ಒಂದೇ ಸಾಸ್, ಚಾಕುವಿನ ದಿಕ್ಕು ಮಾತ್ರ ಬೇರೆ, ಆದ್ರೂ ತಿನ್ನೋರಿಗೆ ಎರಡು ಬೇರೆ ಬೇರೆ ಪ್ರಾಣಿಯ ಮಾಂಸ ಅನ್ನಿಸುವಷ್ಟು ವ್ಯತ್ಯಾಸ. ದೊಡ್ಡ ತುಂಡಾಗಿದ್ರೆ ಮೊದಲು ಎಳೆಯ ದಿಕ್ಕಿನಲ್ಲೇ ಎರಡಿಂಚು ಅಗಲದ ಪಟ್ಟಿಗಳಾಗಿ ಸೀಳ್ಕೊಳ್ಳೋದು, ಆಮೇಲೆ ಒಂದೊಂದೇ ಪಟ್ಟಿಯನ್ನ ಅಡ್ಡಕ್ಕೆ ತೆಳ್ಳಗೆ ಕೊಯ್ಯೋದು. ಹಸಿ ಮಾಂಸ ಜಾರುತ್ತೆ, ಚಾಕುವಿನ ಕೆಳಗೆ ಹಿಸುಕಿಕೊಂಡು ಅತ್ತಿತ್ತ ಹೋಗುತ್ತೆ, ಅದಕ್ಕೆ ಮುಂಚೆ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ರೆ ಪೂರ್ತಿ ಹೆಪ್ಪುಗಟ್ಟದೆ ಬರೀ ಬಿರುಸಾಗುತ್ತೆ, ಆಗ ಎಷ್ಟು ತೆಳ್ಳಗೆ ಬೇಕೋ ಅಷ್ಟು ತೆಳ್ಳಗೆ ಬರುತ್ತೆ. ಮನೆಗೆ ಬಂದ ತಕ್ಷಣ ಮಾಂಸ ಫ್ರೀಜರ್‌ಗೆ, ನಾವು ಮುಖ ತೊಳೆಯೋಕೆ. ಅಷ್ಟೇ ಪ್ಲಾನು.

ಕೊಯ್ದ ಮೇಲೆ ಇನ್ನೊಂದು ಹೆಜ್ಜೆ ಇದೆ, ಚೀನೀ ಅಡುಗೆಮನೆಗಳಿಂದ ಬಂದಿದ್ದು, ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಇದನ್ನ ವೆಲ್ವೆಟಿಂಗ್ ಅಂತಾರೆ. ಹೋಟೆಲಲ್ಲಿ ತಿನ್ನೋ ಸ್ಟರ್ ಫ್ರೈ ಬೀಫ್ ಅಷ್ಟು ನುಣುಪಾಗಿ, ಜಾರೋ ಹಾಗೆ ಹೇಗಿರುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲೇ ಇದೆ. ಅರ್ಧ ಕೆಜಿ ಮಾಂಸಕ್ಕೆ ಅರ್ಧ ಟೀ ಚಮಚಕ್ಕಿಂತ ಜಾಸ್ತಿ ಇಲ್ಲದ ಹಾಗೆ ಅಡಿಗೆ ಸೋಡಾ, ಒಂದು ದೊಡ್ಡ ಚಮಚ ಸೋಯಾ ಸಾಸ್, ಎರಡು ಟೀ ಚಮಚ ಕಾರ್ನ್‌ಫ್ಲೋರ್, ಒಂದೆರಡು ಚಮಚ ನೀರು, ಕೊನೆಗೆ ಒಂದು ಚಮಚ ಎಣ್ಣೆ, ಕೈಯಲ್ಲಿ ಚೆನ್ನಾಗಿ ಕಲಸಿ ಹದಿನೈದಿಪ್ಪತ್ತು ನಿಮಿಷ ಬಿಡೋದು. ಸೋಡಾ ಮಾಂಸದ ಮೇಲ್ಮೈಯನ್ನ ಕ್ಷಾರೀಯ ಮಾಡುತ್ತೆ, ಅದರಿಂದ ಬಿಸಿ ತಾಗಿದಾಗ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳೋಕೆ ಆಗಲ್ಲ, ಹೆಣೆದುಕೊಳ್ಳದಿದ್ರೆ ಒಳಗಿನ ನೀರನ್ನ ಹಿಂಡಿ ಹೊರಗೆ ಹಾಕೋದೂ ಕಮ್ಮಿ. ಕಾರ್ನ್‌ಫ್ಲೋರ್ ಹೊರಗೆ ಒಂದು ತೆಳು ಪದರ ಕಟ್ಟುತ್ತೆ, ಆಮೇಲೆ ಸಾಸ್ ಹಿಡ್ಕೊಳ್ಳೋಕೂ ಅದೇ ಆಧಾರ. ಕೊನೆಯ ಆ ಎಣ್ಣೆ ಯಾಕಂದ್ರೆ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗದೆ ಬಾಣಲೆಯಲ್ಲಿ ಬಿಡಿಬಿಡಿಯಾಗಿ ಬೀಳಲಿ ಅಂತ. ಸೋಡಾ ವಿಷಯದಲ್ಲಿ ಧಾರಾಳತನ ಬೇಡ, ಜಾಸ್ತಿ ಆದ್ರೆ ಸೋಪಿನ ರುಚಿ ಬರುತ್ತೆ, ರಾತ್ರಿಯಿಡೀ ನೆನೆಸಿಟ್ರೆ ಮಾಂಸ ಮಾಂಸದ ಹಾಗೇ ಇರಲ್ಲ, ರಬ್ಬರ್ ಥರ ಪುಟಿಯುತ್ತೆ. ಸರ್ಲಾಯ್ನ್ ಥರದ ಮೆತ್ತನೆ ಮಾಂಸಕ್ಕೆ ಸೋಡಾ ಬೇಕಾಗೇ ಇಲ್ಲ, ಉಳಿದದ್ದು ಸಾಕು.

ಇಷ್ಟೆಲ್ಲಾ ಮಾಡಿನೂ ಎಷ್ಟೋ ಮನೆಗಳಲ್ಲಿ ಸ್ಟರ್ ಫ್ರೈ ಕೊನೆಗೆ ಬೂದು ಬಣ್ಣದ ಮಾಂಸ, ತಳದಲ್ಲಿ ಕಂದು ನೀರು, ಸೋತ ತರಕಾರಿ ಆಗಿ ಮುಗಿಯುತ್ತೆ. ತಪ್ಪು ಸಾಸಿನದ್ದಲ್ಲ, ನೀರಿನದ್ದು. ಕಚ್ಚಾ ಬೀಫ್‌ನಲ್ಲಿ ತೂಕದ ಸುಮಾರು ಮುಕ್ಕಾಲು ಭಾಗ ನೀರೇ. ಮಾಂಸ ಕಂದಾಗಿ ಹುರಿದು ಆ ಘಮ ಬರೋದು ಮೇಯ್ಲಾರ್ಡ್ ಕ್ರಿಯೆಯಿಂದ, ಲೂಯಿ ಕಮೀಲ್ ಮೇಯ್ಲಾರ್ಡ್ ಅನ್ನೋ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನ ವಿವರಿಸಿದ. ಅಮಿನೋ ಆಮ್ಲ ಮತ್ತು ಸಕ್ಕರೆಗಳು ಸೇರಿ ನಡೆಸೋ ಈ ಕ್ರಿಯೆ ಜೋರಾಗಿ ನಡೆಯೋಕೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ಆದ್ರೆ ಮೇಲ್ಮೈಯಲ್ಲಿ ನೀರಿರೋ ತನಕ ಅದು 100 ಡಿಗ್ರಿ ದಾಟಲ್ಲ, ಎಷ್ಟೇ ಉರಿ ಕೊಟ್ರೂ ಆ ಬಿಸಿಯೆಲ್ಲ ನೀರನ್ನ ಆವಿ ಮಾಡೋಕೇ ಖರ್ಚಾಗುತ್ತೆ.

ಎಷ್ಟು ಖರ್ಚು ಅನ್ನೋದನ್ನ ಒಂದ್ಸಲ ಲೆಕ್ಕ ಹಾಕಿದ್ರೆ ಬಾಣಲೆಯಲ್ಲಿ ಏನಾಗ್ತಿದೆ ಅಂತ ಚೆನ್ನಾಗಿ ಅರ್ಥ ಆಗುತ್ತೆ. ಕುದಿಯೋ ಬಿಸಿಗೆ ಬಂದಿರೋ ನೀರನ್ನ ಆವಿ ಮಾಡೋಕೆ ಪ್ರತಿ ಗ್ರಾಂಗೆ ಸುಮಾರು 2260 ಜೂಲ್ ಬೇಕು. ಅರ್ಧ ಕೆಜಿ ಮಾಂಸ ಒಟ್ಟಿಗೇ ಸುರಿದು ಅದು 100 ಗ್ರಾಂ ನೀರು ಬಿಡ್ತು ಅಂತ ಇಟ್ಕೊಳ್ಳಿ. ಮನೆಯ ಗ್ಯಾಸ್ ಒಲೆಯ ಒಂದು ಬರ್ನರ್ ಎರಡರಿಂದ ಮೂರು ಕಿಲೋವ್ಯಾಟ್, ಅದರಲ್ಲಿ ಒಳ್ಳೇ ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತೆ, ಪಾತ್ರೆಗೆ ನಿಜಕ್ಕೂ ತಲುಪೋದು ಒಂದೂಕಾಲು ಕಿಲೋವ್ಯಾಟ್ ಅಂದ್ಕೊಂಡ್ರೆ, ಆ 100 ಗ್ರಾಂ ನೀರು ಆರೋಕೇ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ತೆಳು ಮಾಂಸ ತನ್ನದೇ ನೀರಲ್ಲಿ ಪೂರ್ತಿ ಬೆಂದು, ಹಿಂಡಿಕೊಂಡು, ಗಟ್ಟಿಯಾಗಿ ಕೂತಿರುತ್ತೆ, ಹುರಿಯೋ ಹಂತ ಬಂದಾಗ ಹುರಿಯೋಕೆ ಏನೂ ಉಳಿದಿರಲ್ಲ. ರೆಸ್ಟೋರೆಂಟಿನ ವೋಕ್ (ಚೀನೀ ಅಡುಗೆಯ ಗುಂಡು ತಳದ ಬಾಣಲೆ) ಬರ್ನರ್‌ಗಳು ಸುಲಭವಾಗಿ 25, 30 ಕಿಲೋವ್ಯಾಟ್ ಇರ್ತವೆ, ಅಂದ್ರೆ ಮನೆಯದರ ಹತ್ತು ಪಟ್ಟು, ಅವರು ಎಲ್ಲಾ ಒಟ್ಟಿಗೆ ಸುರಿದ್ರೂ ನೀರು ಬಂದ ಹಾಗೇ ಆರಿಹೋಗುತ್ತೆ. ವಿಡಿಯೋದಲ್ಲಿ ಅವರು ಮಾಡೋದನ್ನ ನೋಡಿ ನಾವೂ ಹಾಗೇ ಮಾಡೋಕೆ ಹೋದ್ರೆ ಆಗಲ್ಲ. ಕೈಚಳಕದ ಪ್ರಶ್ನೆ ಆಮೇಲೆ, ಮೊದಲು ಉರಿಯೇ ಸಾಕಾಗಲ್ಲ.

ಹಾಗಾಗಿ ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪ ತಲೆಕೆಳಗಾದ ಕೆಲಸ: ಬೇಗ ಆಗ್ಬೇಕಂದ್ರೆ ಸ್ವಲ್ಪ ಸ್ವಲ್ಪವೇ ಹಾಕ್ಬೇಕು. 200, 250 ಗ್ರಾಂ ಒಂದು ಸಲಕ್ಕೆ, ತುಂಡುಗಳು ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ. ಹಾಕಿದ ಮೇಲೆ ಒಂದು ನಿಮಿಷ ಸುಮ್ನಿರಬೇಕು, ಸೌಟು ಆಡಿಸಬಾರದು. ಸ್ಟರ್ ಅಂತ ಹೆಸರಲ್ಲೇ ಇದ್ರೂ ಶುರುವಿನ ಆ ಒಂದು ನಿಮಿಷ ಕೈ ಕಟ್ಕೊಂಡು ನಿಲ್ಲೋದೇ ಈ ಅಡುಗೆಯ ಕಷ್ಟದ ಭಾಗ. ಒಂದು ಬದಿ ಕಂದಾದ ಮೇಲೆ ತಿರುಗಿಸಿ, ಇನ್ನರ್ಧ ನಿಮಿಷ, ಒಳಗೆ ಸ್ವಲ್ಪ ಕೆಂಪು ಕಾಣ್ತಿರುವಾಗ್ಲೇ ತಟ್ಟೆಗೆ ತೆಗೆದಿಡಬೇಕು, ಯಾಕಂದ್ರೆ ಆಮೇಲೆ ಅದು ಸಾಸ್ ಜೊತೆ ಮತ್ತೆ ಬಾಣಲೆಗೆ ಬಂದು ಬೇಯೋದಿದೆ. ಬೆಂದಿರದ ಮಾಂಸದ ಭಯ ಇರೋರು ಕೊನೆಯ ಆ ಸುತ್ತಿನಲ್ಲಿ ಎಲ್ಲಾ ತುಂಡೂ ಹಬೆಯಾಡುವಷ್ಟು ಬಿಸಿಯಾಗಿ, ಕೆಂಪು ಹೋಗಿದ್ಯಾ ಅಂತ ನೋಡ್ಕೊಂಡ್ರೆ ಸಾಕು, ಮೂರು ಮಿಲಿಮೀಟರ್ ದಪ್ಪಕ್ಕೆ ಅದು ಕ್ಷಣಗಳ ಮಾತು. ಹಸಿ ಮಾಂಸ ಇಟ್ಟಿದ್ದ ಬಟ್ಟಲಿಗೇ ಹುರಿದಿದ್ದನ್ನ ವಾಪಸ್ ಹಾಕಬೇಡಿ, ಬೇರೆ ತಟ್ಟೆ ತಗೊಳ್ಳಿ.

ಬಾಣಲೆ ಕಾದಿದ್ಯಾ ಅಂತ ಹೇಗೆ ಗೊತ್ತಾಗೋದು? ಎಣ್ಣೆ ಹಾಕೋಕೆ ಮುಂಚೆ ಎರಡು ಹನಿ ನೀರು ಚಿಮುಕಿಸಿ. ಹನಿ ಚುಯ್ ಅಂತ ಒಂದೇ ಕಡೆ ಆರಿಹೋದ್ರೆ ಇನ್ನೂ ಸಾಲದು. ಪಾದರಸದ ಗುಂಡುಗಳ ಹಾಗೆ ಉರುಳಾಡಿದ್ರೆ ಬಾಣಲೆ ಸುಮಾರು 200 ಡಿಗ್ರಿ ಹತ್ತಿರ ಇದೆ ಅಂತ ಅರ್ಥ. ಹನಿಯ ತಳದಲ್ಲಿ ಆವಿಯ ತೆಳು ಪದರ ಎದ್ದು ಅದೇ ಹನಿಯನ್ನ ಎತ್ತಿ ಹಿಡಿದಿರುತ್ತೆ, ಯೋಹಾನ್ ಗಾಟ್‌ಲಾಬ್ ಲೈಡನ್‌ಫ್ರಾಸ್ಟ್ ಅನ್ನೋ ಜರ್ಮನ್ ವೈದ್ಯ 1756ರಲ್ಲಿ ಇದರ ಬಗ್ಗೆ ಬರೆದಿದ್ದ, ಅದಕ್ಕೆ ಅವನ ಹೆಸರೇ ಉಳಿದಿದೆ. ಈ ಪರೀಕ್ಷೆ ಕಬ್ಬಿಣ, ಕಾರ್ಬನ್ ಸ್ಟೀಲ್, ಸ್ಟೀಲ್ ಪಾತ್ರೆಗಳಿಗೆ ಮಾತ್ರ. ನಾನ್‌ಸ್ಟಿಕ್ ಪಾತ್ರೆಯನ್ನ ಖಾಲಿ ಇಟ್ಟು ಜೋರು ಉರೀಲಿ ಕಾಯಿಸೋದು ಬೇಡವೇ ಬೇಡ, ಅದರ ಲೇಪ ಸುಮಾರು 260 ಡಿಗ್ರಿ ದಾಟಿದ್ರೆ ಹಾಳಾಗಿ ಹೊಗೆ ಬಿಡೋಕೆ ಶುರು ಮಾಡುತ್ತೆ, ಖಾಲಿ ಪಾತ್ರೆ ಅಲ್ಲಿಗೆ ತಲುಪೋಕೆ ಬಹಳ ಹೊತ್ತು ಬೇಡ. ಎಣ್ಣೆನೂ ಆ ಬಿಸಿ ತಡೆಯೋದೇ ಆಗಿರಬೇಕು, ರಿಫೈನ್ಡ್ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಇವು ಹೊಗೆಯಾಡೋದು 220, 230ರ ಆಸುಪಾಸಿನಲ್ಲಿ. ಹುರಿದ ಎಳ್ಳಿನ ಆ ಘಮಘಮ ಎಣ್ಣೆ ಮಾತ್ರ ಹುರಿಯೋಕಲ್ಲ, ಉರಿ ಆರಿಸಿದ ಮೇಲೆ ಅರ್ಧ ಚಮಚ.

ಪಾತ್ರೆ ಅಂದಾಗ ವೋಕ್ ಬೇಕೇ ಬೇಕಾ ಅನ್ನೋ ಪ್ರಶ್ನೆ ಬರುತ್ತೆ. ನನ್ನ ಮಟ್ಟಿಗೆ ಉತ್ತರ, ಬೇಡ. ಗುಂಡು ತಳದ ವೋಕ್ ದೊಡ್ಡ ಬೆಂಕಿಯ ಒಳಗೆ ಕೂರೋಕೆ ಅಂತ ಆಗಿರೋದು, ಮನೆಯ ಒಲೆ ಮೇಲೆ ಅದರ ತಳದ ಅಂಗೈ ಅಗಲ ಮಾತ್ರ ಕಾಯುತ್ತೆ, ಇಂಡಕ್ಷನ್ ಒಲೆ ಮೇಲಂತೂ ಮಾಮೂಲಿ ಗುಂಡು ತಳ ಕೂರೋದೇ ಇಲ್ಲ. ಅಗಲ ತಳದ ಭಾರದ ಕಬ್ಬಿಣದ ಪಾತ್ರೆ ನಿಧಾನಕ್ಕೆ ಕಾದ್ರೂ ಬಿಸಿಯನ್ನ ಹಿಡಿದಿಟ್ಕೊಳ್ಳುತ್ತೆ, ತಣ್ಣನೆ ಮಾಂಸ ಬಿದ್ದಾಗ ಥಟ್ಟಂತ ತಣಿದುಹೋಗಲ್ಲ. ವೋಕನ್ನ ಗಾಳಿಗೆ ಎತ್ತಿ ಎತ್ತಿ ಎಸೆಯೋದು ನೋಡೋಕೆ ಚೆಂದ. ಆ ಎಸೆತದ ಚಲನೆಯನ್ನ ಇಬ್ಬರು ಸಂಶೋಧಕರು ಅಳೆದು 2020ರಲ್ಲಿ ಪ್ರಕಟಿಸಿದ್ರು, ಫ್ರೈಡ್ ರೈಸ್ ಮಾಡೋ ನುರಿತ ಬಾಣಸಿಗರು ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಸಲ ವೋಕನ್ನ ಹಿಂದೆ ಮುಂದೆ ಎಳೆದು ಓಲಾಡಿಸ್ತಾರಂತೆ. ಅಷ್ಟು ಬೆಂಕಿ ಇದ್ದಾಗ ಆಹಾರ ಸೀದುಹೋಗದೆ ಇರೋಕೆ ಗಾಳಿಯಲ್ಲಿ ಹಾರಿ ತಣಿಯಬೇಕು, ಅದಕ್ಕೆ ಆ ಎಸೆತ. ನಮ್ಮ ಕಷ್ಟ ಅದರ ಉಲ್ಟಾ, ನಮಗೆ ಬಿಸಿ ಸಾಲ್ತಿಲ್ಲ. ಪಾತ್ರೆಯನ್ನ ಒಲೆಯಿಂದ ಎತ್ತಿದ ಪ್ರತಿ ಸಲವೂ ಇರೋ ಬಿಸಿನೂ ಕಳ್ಕೊಳ್ತೀವಿ. ಪಾತ್ರೆ ಒಲೆ ಮೇಲೇ ಇರಲಿ, ಸೌಟು ಓಡಾಡಲಿ, ಭುಜಕ್ಕೂ ಒಳ್ಳೇದು.

ತರಕಾರಿ ವಿಷಯದಲ್ಲಿ ನನ್ನದೊಂದು ಹಠ ಇದೆ, ಎರಡು ಅಥವಾ ಮೂರು, ಅದಕ್ಕಿಂತ ಜಾಸ್ತಿ ಬೇಡ. ಫ್ರಿಜ್ ಖಾಲಿ ಮಾಡೋಕೆ ಸ್ಟರ್ ಫ್ರೈ ಒಳ್ಳೇ ದಾರಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಏಳು ಥರ ತರಕಾರಿ ಹಾಕಿದ್ರೆ ಏಳು ಬೇರೆ ಬೇರೆ ಬೇಯೋ ಹೊತ್ತು, ಏಳು ಸಲ ತೀರ್ಮಾನ, ಮತ್ತೆ ತಲೆಗೆ ಕೆಲಸ. ಒಂದು ಗಟ್ಟಿ, ಒಂದು ಮೆತ್ತನೆ, ಒಂದು ಹಸಿರು, ಮುಗೀತು. ಬ್ರೊಕೊಲಿ ಅಥವಾ ಕ್ಯಾರೆಟ್ ಅಥವಾ ಬೀನ್ಸ್ ಮೊದಲು, ಅವು ಗಟ್ಟಿ. ಈರುಳ್ಳಿ, ಕ್ಯಾಪ್ಸಿಕಂ ಆಮೇಲೆ. ಎಲೆ ಜಾತಿಯವು ಕೊನೆಯ ಅರ್ಧ ನಿಮಿಷಕ್ಕೆ. ಗಟ್ಟಿಯವನ್ನ ತೆಳ್ಳಗೆ, ಓರೆಯಾಗಿ ಹೆಚ್ಚಿದ್ರೆ ಬಿಸಿ ತಾಗೋ ಮೈ ಜಾಸ್ತಿಯಾಗಿ ಬೇಗ ಬೇಯುತ್ತೆ, ಮೆತ್ತನೆಯವನ್ನ ಸ್ವಲ್ಪ ದಪ್ಪಕ್ಕೇ ಬಿಡಬೇಕು. ಅಂದ್ರೆ ಒಂದೇ ಆಕಾರಕ್ಕೆ ಹೆಚ್ಚೋದಕ್ಕಿಂತ ಒಂದೇ ಹೊತ್ತಿಗೆ ಬೇಯೋ ಹಾಗೆ ಹೆಚ್ಚೋದು ಮುಖ್ಯ. ಅಣಬೆ ಇಷ್ಟ ಇರೋರು ಹಾಕಿ, ಆದ್ರೆ ಅದು ಹೆಚ್ಚೂಕಮ್ಮಿ ಪೂರ್ತಿ ನೀರೇ, ಬೇರೆಯವುಗಳ ಜೊತೆ ಹಾಕಿದ್ರೆ ಎಲ್ಲವನ್ನೂ ನೆನೆಸಿಬಿಡುತ್ತೆ, ಅದನ್ನ ಒಂಟಿಯಾಗಿ ಹುರಿದು ತೆಗೆದಿಡಬೇಕು, ಅಷ್ಟು ತಾಳ್ಮೆ ಇಲ್ಲದ ದಿನ ಅಣಬೆ ಬಿಟ್ಟುಬಿಡೋದು ಮೇಲು. ತೊಳೆದ ತರಕಾರಿಯನ್ನ ಒರೆಸಿ ಹಾಕಿ ಅನ್ನೋ ಮಾತನ್ನ ಮತ್ತೆ ಹೇಳಬೇಕಾಗಿಲ್ಲ ಅಲ್ವಾ, ನೀರಿನ ಪುರಾಣ ಆಗ್ಲೇ ಆಯ್ತು.

ಒಂದು ಕಡೆ ಮಾತ್ರ ನೀರನ್ನ ನಾವೇ ಕರೀಬೇಕು. ಬ್ರೊಕೊಲಿ, ಕ್ಯಾರೆಟ್ ಬರೀ ಎಣ್ಣೆಯಲ್ಲಿ ಬೇಯಬೇಕಂದ್ರೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತೆ. ಒಂದು ನಿಮಿಷ ಹುರಿದು ಅಲ್ಲಲ್ಲಿ ಕಂದು ಕಲೆ ಬಂದ ಮೇಲೆ ಎರಡು ದೊಡ್ಡ ಚಮಚ ನೀರು ಹಾಕಿ ಮುಚ್ಚಳ ಮುಚ್ಚಿದ್ರೆ, ಆವಿ ಒಂದು ಒಂದೂವರೆ ನಿಮಿಷದಲ್ಲಿ ಒಳಗಿನ ತನಕ ಬೇಯಿಸಿ, ಮುಚ್ಚಳ ತೆಗೆಯೋ ಹೊತ್ತಿಗೆ ಹೆಚ್ಚೂಕಮ್ಮಿ ಆರಿಹೋಗಿರುತ್ತೆ. ಜಾಸ್ತಿ ಹೊತ್ತು ಮುಚ್ಚಿಟ್ರೆ ಮಾತ್ರ ಹಸಿರು ಹೋಗುತ್ತೆ. ಬಿಸಿಗೆ ತರಕಾರಿಯ ಜೀವಕೋಶ ಒಡೆದು ಅದರದೇ ಆಮ್ಲ ಹೊರಬರುತ್ತೆ, ಆ ಆಮ್ಲ ಹಸಿರು ಕ್ಲೋರೋಫಿಲ್‌ನ ನಡುವೆ ಕೂತಿರೋ ಮೆಗ್ನೀಸಿಯಂ ಪರಮಾಣುವನ್ನ ಹೊರಗಟ್ಟುತ್ತೆ, ಆಮೇಲೆ ಉಳಿಯೋದು ಆ ಮಂಕು ಕಂದು ಹಸಿರು, ಐದಾರು ನಿಮಿಷ ದಾಟಿದ್ರೆ ಸಾಕು. ನಿಂಬೆಹಣ್ಣು, ವಿನೆಗರ್ ಬೇಕು ಅನ್ನೋರು ಅದನ್ನ ಒಲೆ ಆರಿಸಿದ ಮೇಲೆ ಹಾಕೋದೂ ಇದಕ್ಕೇ.

ಸಾಸ್ ಬಗ್ಗೆ ಜನ ಬಹಳ ಯೋಚನೆ ಮಾಡ್ತಾರೆ, ನಂಗೆ ಅದು ಈ ಅಡುಗೆಯಲ್ಲಿ ಅತಿ ಸುಲಭದ ಭಾಗ ಅನ್ಸುತ್ತೆ. ಒಂದು ಲೋಟದಲ್ಲಿ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಆಯ್ಸ್ಟರ್ ಸಾಸ್, ಒಂದು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಕಾರ್ನ್‌ಫ್ಲೋರ್, ನಾಲ್ಕೈದು ಚಮಚ ನೀರು, ಕಾಳುಮೆಣಸಿನ ಪುಡಿ. ಇದನ್ನೂ ಮೊದಲೇ ಕಲಸಿಡಬೇಕು, ಬಾಣಲೆ ಮೇಲೆ ಒಂದೊಂದೇ ಬಾಟಲಿ ಎತ್ತಿ ಬಗ್ಗಿಸೋದು ಅಪಾಯದ ಕೆಲಸ, ಕೈ ಜಾರಿದ್ರೆ ಊಟ ಹೋಯ್ತು. ಆಯ್ಸ್ಟರ್ ಸಾಸ್ 1888ರಲ್ಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಲೀ ಕುಮ್ ಶೆಯುಂಗ್ ಅನ್ನೋರು ಸಿಂಪಿಯ ಸಾರನ್ನ ಒಲೆ ಮೇಲೆ ಮರೆತು ಬಿಟ್ಟಾಗ ಅದು ಬತ್ತಿ ಗಟ್ಟಿಯಾಗಿ ಹುಟ್ಟಿತು ಅಂತ ಅವರು ಕಟ್ಟಿದ ಕಂಪನಿ ಲೀ ಕುಮ್ ಕೀ ಹೇಳ್ಕೊಳ್ಳುತ್ತೆ. ಕಥೆ ಎಷ್ಟು ನಿಜವೋ, ಒಲೆ ಮೇಲೆ ಮರೆತದ್ದು ಅಷ್ಟು ಚೆನ್ನಾಗಾಗೋದು ಎಲ್ಲರ ಹಣೇಲೂ ಬರೆದಿರಲ್ಲ.

ಉಪ್ಪು ಬೇರೆ ಹಾಕಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲೇ 900 ಮಿಲಿಗ್ರಾಂ ಹತ್ತಿರ ಸೋಡಿಯಂ ಇರುತ್ತೆ, ದೊಡ್ಡೋರಿಗೆ ಇಡೀ ದಿನಕ್ಕೆ 2000 ಮಿಲಿಗ್ರಾಂ ಒಳಗಿರಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾಂಸ ನೆನೆಸಿದ್ದು, ಸಾಸಿನದ್ದು, ಆಯ್ಸ್ಟರ್ ಸಾಸಿನದ್ದು ಎಲ್ಲಾ ಕೂಡಿಸಿ ಮೂರ್ನಾಲ್ಕು ಜನಕ್ಕೆ ಹಂಚಿದ್ರೂ ಕಮ್ಮಿಯೇನಲ್ಲ. ಸೋಯಾ ಸಾಸ್ ಅರ್ಧ ಮಾಡಿ ಬೆಳ್ಳುಳ್ಳಿ, ಶುಂಠಿ ಒಂದೂವರೆ ಪಟ್ಟು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಕಾರ್ನ್‌ಫ್ಲೋರ್ ತಳಕ್ಕೆ ಕೂತಿರುತ್ತೆ, ಬಾಣಲೆಗೆ ಹಾಕೋ ಕ್ಷಣಕ್ಕೆ ಲೋಟವನ್ನ ಇನ್ನೊಂದ್ಸಲ ಕದಡಬೇಕು, ಇಲ್ಲಾಂದ್ರೆ ಮೊದಲು ನೀರು ಬಿದ್ದು ಕೊನೆಗೆ ಗಂಟು ಬೀಳುತ್ತೆ. ಹಾಕಿದ ಮೇಲೆ ಅದು ಕುದಿಯೋ ತನಕ ಬಿಡಬೇಕು, ಕುದಿ ಬಂದಾಗ್ಲೇ ಹಿಟ್ಟು ಪೂರ್ತಿ ಅರಳಿ, ಮಂಕಾಗಿದ್ದ ಸಾಸ್ ಹೊಳಪಾಗಿ ತಿಳಿಯಾಗೋದು.

ಈಗ ಒಲೆ ಹಚ್ಚಬಹುದು. ಅನ್ನ ಆಗ್ಲೇ ಒಂದು ಕಡೆ ಬೇಯ್ತಿರಲಿ, ಅದನ್ನ ಎಲ್ಲಕ್ಕಿಂತ ಮೊದಲು ಇಟ್ಟಿರಬೇಕು. ಬಾಣಲೆ ಕಾಯಿಸಿ, ಎಣ್ಣೆ ಹಾಕಿ, ಮಾಂಸದ ಅರ್ಧ ಭಾಗ ಹರಡಿ ಒಂದು ನಿಮಿಷ ಬಿಟ್ಟು ತಿರುಗಿಸಿ ತೆಗೆದು, ಇನ್ನರ್ಧ ಭಾಗ ಹಾಗೇ ಮಾಡಿ ತೆಗೆದು, ಬಾಣಲೆ ತಳದಲ್ಲಿ ಕಂದು ಕಲೆ ಅಂಟಿರುತ್ತೆ, ಅದನ್ನ ತೊಳೀಬೇಡಿ, ಅದೇ ರುಚಿ, ಇನ್ನೊಂಚೂರು ಎಣ್ಣೆ ಹಾಕಿ ಬ್ರೊಕೊಲಿ ಹುರಿದು ಎರಡು ಚಮಚ ನೀರು ಹಾಕಿ ಮುಚ್ಚಿ, ಆ ನೀರೇ ತಳದ ಕಲೆಯನ್ನೂ ಎಬ್ಬಿಸುತ್ತೆ, ಮುಚ್ಚಳ ತೆಗೆದು ಈರುಳ್ಳಿ ಕ್ಯಾಪ್ಸಿಕಂ ಒಂದು ನಿಮಿಷ, ಎಲ್ಲವನ್ನೂ ಅಂಚಿಗೆ ಸರಿಸಿ ನಡುವೆ ಜಾಗ ಮಾಡಿ ಅರ್ಧ ಚಮಚ ಎಣ್ಣೆ, ಬೆಳ್ಳುಳ್ಳಿ, ಶುಂಠಿ, ಹದಿನೈದು ಇಪ್ಪತ್ತು ಸೆಕೆಂಡು ಘಮ ಬರೋ ತನಕ ಅಷ್ಟೇ, ಮಾಂಸ ವಾಪಸ್, ತಟ್ಟೆಯಲ್ಲಿ ಇಳಿದಿರೋ ರಸ ಸಮೇತ, ಸಾಸ್ ಕದಡಿ ಸುತ್ತಲೂ ಸುರಿದು, ಕುದಿ ಬಂದು ಎಲ್ಲಕ್ಕೂ ಮೆತ್ತಿಕೊಂಡ ತಕ್ಷಣ ಆರಿಸಿ. ಬೆಳ್ಳುಳ್ಳಿ ಮೊದಲೇ ಹಾಕೋ ಅಭ್ಯಾಸ ನಮ್ಮ ಕೈಗೆ ಎಷ್ಟು ಹತ್ತಿಬಿಟ್ಟಿದೆ ಅಂದ್ರೆ ಇಲ್ಲಿ ಕೊನೆಗೆ ಹಾಕೋಕೆ ಮನಸ್ಸೇ ಒಪ್ಪಲ್ಲ, ಆದ್ರೆ ಮಾಂಸ ಹುರಿಯೋ ಬಿಸಿಗೆ ಬೆಳ್ಳುಳ್ಳಿ ತಡೆಯಲ್ಲ, ಕಹಿಯಾಗುತ್ತೆ.

ಓದೋಕೆ ಉದ್ದ, ಮಾಡೋಕೆ ಹತ್ತು ನಿಮಿಷವೂ ಬೇಡ. ಉಳಿದ ಇಪ್ಪತ್ತೈದು ನಿಮಿಷ ಎಲ್ಲಿ ಹೋಯ್ತು ಅನ್ನೋದು ಮನೆಮನೆಗೆ ಬೇರೆ. ಒಬ್ಬರೇ ಇರೋ ಮನೆಯಲ್ಲಿ ಅದು ಅವರದೇ ಟೈಮು. ಇಬ್ಬರು ಮೂವರು ಇರೋ ಮನೆಯಲ್ಲಿ ಚಾಕು ಹಿಡಿದು ನಿಲ್ಲೋರು ಒಬ್ಬರು, ಕೊನೆಗೆ ಬಂದು ಜೋರು ಉರೀಲಿ ಚಟಪಟ ಮಾಡಿ "ಇವತ್ತು ಅಡುಗೆ ನಂದು" ಅನ್ನೋರು ಇನ್ನೊಬ್ಬರು ಆಗೋ ಸಾಧ್ಯತೆ ಈ ಅಡುಗೆಯಲ್ಲಿ ಬಹಳ ಜಾಸ್ತಿ. ರೆಸಿಪಿ ಬರೆಯೋರು ಬಿಟ್ಟ ಅದೇ ಲೆಕ್ಕವನ್ನ ಮನೆಯವರೂ ಬಿಡ್ತಾರೆ. ಹೆಚ್ಚೋ ಕೆಲಸಕ್ಕೆ ಕೌಶಲ ಬೇಡ ಅಂತ ನಾನೇ ಮೇಲೆ ಹೇಳಿದ ಹಾಗಾಯ್ತೇನೋ, ತಲೆ ಬೇಡ ಅಂದೆ ಅಷ್ಟೇ, ಈ ಅಡುಗೆಯ ಮುಕ್ಕಾಲು ಪಾಲು ಅಲ್ಲೇ ಇದೆ. ಹೆಚ್ಚೋದನ್ನ ಹಂಚ್ಕೊಳ್ಳೋದು ಸುಲಭ, ಒಬ್ಬರು ಮಾಂಸ, ಒಬ್ಬರು ತರಕಾರಿ, ಮಕ್ಕಳಿಗೆ ಬ್ರೊಕೊಲಿ ಬಿಡಿಸೋದು. ಒಲೆಯನ್ನ ಹಂಚ್ಕೊಳ್ಳೋಕೆ ಮಾತ್ರ ಆಗಲ್ಲ, ಅಲ್ಲಿ ಒಬ್ಬರೇ ಇರಬೇಕು.

ಇನ್ನೊಂದು ದಾರಿ, ಆ ಕೆಲಸವನ್ನ ಬೇರೆ ದಿನಕ್ಕೆ ತಳ್ಳೋದು. ರಜೆ ದಿನ ಮಾಂಸ ಕೊಯ್ದು, ಸೋಡಾ ಹಾಕದೆ, 250 ಗ್ರಾಮಿನ ಚೀಲಗಳಲ್ಲಿ ಚಪ್ಪಟೆಯಾಗಿ ಹರಡಿ ಫ್ರೀಜರ್‌ನಲ್ಲಿಟ್ರೆ, ಬೇಕಾದ ದಿನ ಬೆಳಗ್ಗೆ ಒಂದು ಚೀಲ ಕೆಳಗಿನ ಫ್ರಿಜ್‌ಗೆ ಇಳಿಸಿದ್ರೆ ಸಂಜೆಗೆ ಕರಗಿರುತ್ತೆ. ಅಡುಗೆಕಟ್ಟೆ ಮೇಲೆ ಇಡೀ ದಿನ ಬಿಟ್ಟು ಕರಗಿಸೋದು ಬೇಡ, ಹೊರಗಿನ ಭಾಗ ಬೆಚ್ಚಗಾಗಿ ಬ್ಯಾಕ್ಟೀರಿಯಾ ಬೆಳೆಯೋಕೆ ಶುರುವಾದ್ರೂ ನಡುಭಾಗ ಇನ್ನೂ ಗಡ್ಡೆಯಾಗೇ ಇರುತ್ತೆ. ಕರಗಿದ ಮೇಲೆ ಬಂದ ಕೆಂಪು ನೀರನ್ನ ಚೆಲ್ಲಿ, ಮಾಂಸವನ್ನ ಟಿಶ್ಯೂ ಪೇಪರಲ್ಲಿ ಒತ್ತಿ ಒರೆಸಿ, ಆಮೇಲೆ ಕಾರ್ನ್‌ಫ್ಲೋರ್ ಕಲಸಬೇಕು. ಈರುಳ್ಳಿ, ಕ್ಯಾಪ್ಸಿಕಂ ಹಿಂದಿನ ರಾತ್ರಿ ಹೆಚ್ಚಿಟ್ಟು ಡಬ್ಬಿಯಲ್ಲಿಟ್ರೆ ಆಗುತ್ತೆ, ಆದ್ರೆ ಹೆಚ್ಚಿಟ್ಟ ಈರುಳ್ಳಿಯ ವಾಸನೆ ಇಡೀ ಫ್ರಿಜ್ಜಿಗೆ ಹಬ್ಬುತ್ತೆ, ಅದನ್ನ ಸಹಿಸೋದಕ್ಕಿಂತ ನಾನಂತೂ ಆ ದಿನವೇ ಹೆಚ್ಚೋದು ವಾಸಿ ಅಂತೀನಿ.

ಉಳಿದಿದ್ದನ್ನ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿಬಿಡಿ, ಮೂರ್ನಾಲ್ಕು ದಿನ ಇರುತ್ತೆ. ಅನ್ನವನ್ನೂ ಹಾಗೇ, ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬಿಡೋ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಮಾರನೇ ದಿನ ಮಾತ್ರ ಬಾಣಲೆಗೆ ಹಾಕಿ ಮತ್ತೆ ಹುರಿಯೋಕೆ ಹೋಗಬೇಡಿ, ಒಂದ್ಸಲ ಹದವಾಗಿ ಬೆಂದ ಮಾಂಸ ಎರಡನೇ ಸಲಕ್ಕೆ ಚಕ್ಕೆಯಾಗುತ್ತೆ. ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಎಲ್ಲಾ ಕಡೆ ಹಬೆಯಾಡೋ ತನಕ ಬಿಸಿ ಮಾಡಿದ್ರೆ ಮಾಂಸ ಚೆನ್ನಾಗೇ ಇರುತ್ತೆ, ಸಾಸ್ ಇನ್ನೂ ಒಳಗಿಳಿದು ಒಂದು ಕೈ ಜಾಸ್ತಿನೇ ರುಚಿ. ಬ್ರೊಕೊಲಿ ಮಾತ್ರ ಮಂಕಾಗಿ ಮೆತ್ತಗಾಗಿರುತ್ತೆ, ಅದಕ್ಕೇನೂ ಮಾಡೋಕಾಗಲ್ಲ, ರಾತ್ರಿಯೇ ಬ್ರೊಕೊಲಿ ಪೂರ್ತಿ ತಿಂದು ಮುಗಿಸಿ ಮಾಂಸ, ಕ್ಯಾಪ್ಸಿಕಂ ಮಾತ್ರ ಡಬ್ಬಿಗೆ ಹಾಕಿದ್ರೆ ಆಯ್ತು.